ನಿತ್ಯಜೀವನವೂ ಕಾವ್ಯಸ್ಫೂರ್ತಿಯೂ



ಒಂದು ಕವಿತೆ ಬರೆಯಬೇಕು, ಒಂದು ಕಥೆ ಹೇಳಬೇಕು, ಒಂದು ಹಾಡು ಕಟ್ಟಬೇಕು ಎಂಬ ಆಸೆ ನಮ್ಮಲ್ಲಿ ಬಹುಮಂದಿಗೆ ಒಂದಲ್ಲ ಒಂದು ವಯಸ್ಸಿನಲ್ಲಿ ಹುಟ್ಟುತ್ತದೆ. ಹುಟ್ಟಿದ ಆಸೆ ಬಹುಬೇಗ ಬಾಡಿಯೂ ಹೋಗುತ್ತದೆ. ಏಕೆ ಹಾಗಾಯಿತೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: "ಮನಸ್ಸೇನೋ ಇದೆ, ಆದರೆ ಸ್ಫೂರ್ತಿ ಬರಬೇಕಲ್ಲ!" ಸ್ಫೂರ್ತಿ ಎಂಬುದು ಎಲ್ಲಿಂದಲೋ ಬರತಕ್ಕ ಅತಿಥಿ, ಅದನ್ನು ಬರಮಾಡಿಕೊಳ್ಳಲು ಬೆಟ್ಟದ ತುದಿಯೋ ಕಡಲ ತಡಿಯೋ ಜೋಗದ ಜಲಪಾತವೋ ಬೇಕು, ಬೆಳಗ್ಗೆ ಎದ್ದು ಹಾಲು ಕಾಯಿಸಿ, ಬಸ್ಸು ಹಿಡಿದು, ಸಂಜೆ ಸಂತೆಯಿಂದ ಸೊಪ್ಪು ತರುವ ಬದುಕಿನಲ್ಲಿ ಅದಕ್ಕೆ ಎಡೆಯೆಲ್ಲಿ? ಹೀಗೆಂದು ನಾವು ನಂಬಿಕೊಂಡಿದ್ದೇವೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ತಮ್ಮೊಡನೆ ವಿಚಾರ ಮಾಡುವುದೇ ಇಂದಿನ ಮಾತಿನ ಉದ್ದೇಶ.

ನಾನು ಪ್ರೌಢಶಾಲೆಯ ಕನ್ನಡ ಉಪಾಧ್ಯಾಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಊರುಗಳಲ್ಲಿ, ವರ್ಗವಾದಂತೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿ ಪಾಠ ಹೇಳಿದವನು. 1997ರಲ್ಲಿ ದಾವಣಗೆರೆ ಜಿಲ್ಲೆ ಹೊಸದಾಗಿ ರಚಿತವಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿನ ಊರಾಗಿದ್ದು ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಒಂದೇ ಜಿಲ್ಲೆಯೊಳಗೆ ಅಡಿಕೆ ತೋಟದ ತಂಪೂ ಇದೆ, ಮೋಡದ ದಾರಿ ಕಾಯುವ ಬಯಲೂ ಇದೆ. ಚನ್ನಗಿರಿ ಸೀಮೆಯ ಶಾಂತಿಸಾಗರ, ಅಂದರೆ ನಮ್ಮ ಜನ ಸೂಳೆಕೆರೆ ಎಂದು ಕರೆಯುವ ಮಹಾ ತಟಾಕ, ಒಂದನ್ನು ಬಿಟ್ಟರೆ ದೂರದ ಪ್ರವಾಸಿಗಳು ಹುಡುಕಿಕೊಂಡು ಬರುವಂಥ ನೋಟಗಳು ಇಲ್ಲಿ ಹೆಚ್ಚಿಲ್ಲ. ಆದ್ದರಿಂದಲೇ ಈ ಊರುಗಳು ನಮ್ಮ ವಿಚಾರಕ್ಕೆ ತಕ್ಕವು.

ಮೊದಲು ಶಾಸ್ತ್ರಕಾರರ ಮಾತನ್ನು ಸ್ವಲ್ಪ ನೋಡೋಣ. ಕಾಶ್ಮೀರದ ಮಮ್ಮಟನು 11ನೆಯ ಶತಮಾನದಲ್ಲಿ ರಚಿಸಿದ 'ಕಾವ್ಯಪ್ರಕಾಶ'ದಲ್ಲಿ ಕಾವ್ಯ ಹುಟ್ಟುವುದಕ್ಕೆ ಕಾರಣವೇನೆಂದು ವಿಚಾರಿಸುತ್ತಾನೆ. ಹುಟ್ಟಿನಿಂದ ಬಂದ ಶಕ್ತಿ ಬೇಕು, ನಿಪುಣತೆ ಬೇಕು, ಬಲ್ಲವರ ಬಳಿ ಮಾಡಿದ ಅಭ್ಯಾಸ ಬೇಕು. ಈ ಮೂರೂ ಕೂಡಿದರೆ ಕಾವ್ಯ ಎಂಬುದು ಅವನ ಮತ. ಇವುಗಳಲ್ಲಿ ನಿಪುಣತೆ ಬರುವುದು ಯಾವುದರಿಂದ? ಲೋಕವನ್ನು, ಶಾಸ್ತ್ರವನ್ನು, ಹಿಂದಿನ ಕಾವ್ಯಗಳನ್ನು ಚೆನ್ನಾಗಿ ನೋಡುವುದರಿಂದ. ಇಲ್ಲಿ ಪದಗಳ ಅನುಕ್ರಮವನ್ನು ತಾವು ಗಮನಿಸಬೇಕು. ಮೊದಲು ಲೋಕ, ಆಮೇಲೆ ಶಾಸ್ತ್ರ, ಆಮೇಲೆ ಕಾವ್ಯ. ಲೋಕವೆಂದರೆ ಚರಾಚರಗಳ ನಡೆವಳಿಕೆ. ಮರ ಹೇಗೆ ಚಿಗುರುತ್ತದೆ, ಎತ್ತು ಹೇಗೆ ಮಲಗುತ್ತದೆ, ಮನುಷ್ಯ ಸಿಟ್ಟು ಬಂದಾಗ ಹೇಗೆ ನಿಲ್ಲುತ್ತಾನೆ ಎಂಬುದೆಲ್ಲ ಅದರಲ್ಲಿ ಸೇರಿತು. ನಮ್ಮ ಕನ್ನಡದ 'ಕವಿರಾಜಮಾರ್ಗ'ವಂತೂ ಅದಕ್ಕಿಂತ ಎರಡು ಶತಮಾನ ಹಿಂದೆಯೇ, ಓದನ್ನು ಪ್ರಯತ್ನಪಟ್ಟು ಮಾಡದಿದ್ದರೂ ಕಾವ್ಯದ ನುಡಿಗಾರಿಕೆಯಲ್ಲಿ ಪಳಗಿದ ಮತಿಯುಳ್ಳವರು ಈ ನಾಡಿನ ಜನ ಎಂದು ಹೊಗಳಿತು. ಅವರ ಆ ಮತಿ ಪಳಗಿದ್ದು ಎಲ್ಲಿ? ಹೊಲದಲ್ಲಿ, ಹಟ್ಟಿಯಲ್ಲಿ, ಒಲೆಯ ಮುಂದೆ.

ಲೋಕವು ಇಷ್ಟು ಹತ್ತಿರದಲ್ಲಿದ್ದರೂ ನಮಗೇಕೆ ಸ್ಫೂರ್ತಿ ಬರುವುದಿಲ್ಲ? ವಸ್ತುವಿನ ಬಡತನದಿಂದ ಎಂದು ಹೇಳುವುದುಂಟು. ನನ್ನ ಅನುಭವ ಬೇರೆ ಹೇಳುತ್ತದೆ. ನಮ್ಮನ್ನು ತಡೆಯುವುದು ನಮ್ಮ ಸ್ವಂತ ಬದುಕಿನ ಬಗ್ಗೆ ನಮಗಿರುವ ಸಂಕೋಚ. ಇದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ.

ಚನ್ನಗಿರಿಯಲ್ಲಿದ್ದಾಗ ಒಂಬತ್ತನೆಯ ತರಗತಿಗೆ 'ನಾನು ಕಂಡ ಒಂದು ದೃಶ್ಯ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದ್ದೆ. ಮುಕ್ಕಾಲುಪಾಲು ಮಕ್ಕಳು ಕಾಣದ ತಾಜಮಹಲನ್ನೂ ನೋಡದ ಹಿಮಾಲಯವನ್ನೂ ಗೈಡು ಪುಸ್ತಕದಿಂದ ಇಳಿಸಿದ್ದರು. ಸೂಳೆಕೆರೆಯ ಏರಿಯ ಮೇಲೆ ದಿನವೂ ಸೈಕಲ್ಲು ತುಳಿದು ಬರುವ ಹುಡುಗನ ಹಾಳೆಯಲ್ಲೂ ಅಮೃತಶಿಲೆಯೇ ಹೊಳೆಯುತ್ತಿತ್ತು. ಒಬ್ಬ ಹುಡುಗಿ ಮಾತ್ರ ಖಾಲಿ ಹಾಳೆ ಕೊಟ್ಟಳು. "ಯಾಕಮ್ಮ, ಏನೂ ಬರೆದಿಲ್ಲವಲ್ಲ?" ಎಂದು ಕೇಳಿದೆ. "ನಾನು ಎಲ್ಲೂ ಹೋಗಿಲ್ಲ ಸಾರ್. ನಮ್ಮನೇಲಿ ಬರೆಯೋ ಅಂಥದ್ದು ಏನೈತೆ? ಅಡಿಕೆ ಸುಲಿಯೋದು ಒಂದೈತೆ ಅಷ್ಟೆ" ಎಂದಳು.

ಸರಿ, ಅಡಿಕೆ ಸುಲಿಯುವುದನ್ನೇ ಹೇಳು ಎಂದೆ. ಮೊದಮೊದಲು ಸಂಕೋಚಪಟ್ಟಳು. ಆಮೇಲೆ ಒಂದೊಂದಾಗಿ ಬಂತು. ಹಲಗೆಗೆ ಕಚ್ಚಿಸಿದ ಕತ್ತಿಯನ್ನು ಮೆಟ್ಟಿಕೊಂಡು ಕೂರುವುದರಿಂದ ಅದಕ್ಕೆ ಮೆಟ್ಟುಗತ್ತಿ ಎಂದು ಹೆಸರಂತೆ. ಕಾಯಿ ಬಲಿತಿದೆಯೋ ಇಲ್ಲವೋ ಎಂಬುದನ್ನು ಅವರಜ್ಜಿ ನೋಡುವುದೇ ಇಲ್ಲವಂತೆ, ಬೆರಳಿಗೇ ಗೊತ್ತಾಗುತ್ತದಂತೆ. ಸುಲಿದ ಅಡಿಕೆ ಹಂಡೆಯಲ್ಲಿ ಬೇಯುವಾಗ ನೀರು ಕೆಂಪಾಗಿ ಚೊಗರಾಗುತ್ತದೆ. ಆ ವಾಸನೆ ಬಂದರೆ ದೀಪಾವಳಿ ಹತ್ತಿರ ಬಂತೆಂದು ಲೆಕ್ಕವಂತೆ. ರಾತ್ರಿ ನಿದ್ದೆ ಹತ್ತಬಾರದೆಂದು ದೊಡ್ಡವರು ಒಗಟು ಹಾಕುತ್ತಾರಂತೆ. ಇಷ್ಟು ಹೇಳುವಷ್ಟು ಹೊತ್ತೂ ಆಕೆ ತನ್ನ ಎರಡು ಕೈಗಳನ್ನೂ ಬೆಂಚಿನ ಕೆಳಗೆ ಇಟ್ಟುಕೊಂಡಿದ್ದಳು. ಹಸಿ ಸಿಪ್ಪೆಯ ಕರೆ ಬೆರಳಿಗೂ ಉಗುರಿಗೂ ಹಿಡಿದು ಕಪ್ಪಾಗಿತ್ತು. ಮಾರನೆಯ ದಿನ ಮುಕ್ಕಾಲು ಪುಟ ಬರೆದು ತಂದಳು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಹಬ್ಬಕ್ಕೆ ಮದರಂಗಿ ಹಚ್ಚಿಕೊಂಡರೆ ಎಲ್ಲರೂ ಕೈ ತೋರಿಸು ಎನ್ನುತ್ತಾರೆ, ಸುಲಿಗೆಯ ದಿವಸಗಳಲ್ಲಿ ಯಾರೂ ಕೇಳುವುದಿಲ್ಲ." ತರಗತಿಯಲ್ಲಿ ಓದಿಸಿದಾಗ ಯಾರೂ ನಗಲಿಲ್ಲ. ಹಿಂದಿನ ಸಾಲಿನ ಇನ್ನಿಬ್ಬರು ಮಕ್ಕಳು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು.

ಆ ವಾಕ್ಯವನ್ನು ಯಾವ ಗೈಡೂ ಕೊಡಲಾರದು. ಅದು ಇದ್ದದ್ದು ಆಕೆಯ ಬಳಿಯೇ. ಬೆಂಚಿನ ಕೆಳಗೆ ಅಡಗಿತ್ತು. ನಾವು ಸ್ಫೂರ್ತಿ ಇಲ್ಲ ಎನ್ನುವಾಗ ಬಹಳ ಸಲ ಆಗಿರುವುದು ಇಷ್ಟೆ: ನಮಗೆ ಗೊತ್ತಿರುವುದನ್ನು ನಾವೇ ಅಡಗಿಸಿಟ್ಟಿರುತ್ತೇವೆ.

ಈ ಸಂಕೋಚ ಇಂದಿನದಲ್ಲ. ಒಂದು ಕಾಲಕ್ಕೆ ಕನ್ನಡ ಭಾಷೆಯೇ ಹೀಗೆ ಕೈ ಮರೆಮಾಡಿಕೊಂಡು ನಿಲ್ಲಬೇಕಾಗಿತ್ತು. ವೇದಾಂತದಂಥ ಗಹನವಾದ ವಿಷಯಕ್ಕೆ ಸಂಸ್ಕೃತವೇ ತಕ್ಕ ಭಾಷೆ, ಅಡಿಗೆಮನೆಯ ಕನ್ನಡ ಅದಕ್ಕೆ ಸಾಲದು ಎಂಬ ಅಭಿಪ್ರಾಯ ಪಂಡಿತರಲ್ಲಿತ್ತು. ಅದಕ್ಕೆ ಉತ್ತರ ಕೊಟ್ಟವನು 17ನೆಯ ಶತಮಾನದ ಮಹಲಿಂಗರಂಗ. ಈತ ಜಗಳೂರು ಸೀಮೆಯವನೆಂದು ಸಾಹಿತ್ಯ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಈತನ 'ಅನುಭವಾಮೃತ' ಅದ್ವೈತ ತತ್ತ್ವವನ್ನು ಭಾಮಿನೀ ಷಟ್ಪದಿಯಲ್ಲಿ ತಿಳಿಸುವ ಗ್ರಂಥ. ಗ್ರಂಥವನ್ನು ಓದದವರಿಗೂ ಅದರ ಒಂದು ಪದ್ಯ ಗೊತ್ತು. ಶಾಲೆಯ ಗೋಡೆಗಳ ಮೇಲೂ ಅದನ್ನು ಬರೆಸುವುದುಂಟು. ಕನ್ನಡವನ್ನು ಹೊಗಳುವುದಕ್ಕೆ ಕವಿ ಅಲ್ಲಿ ಆರಿಸಿಕೊಂಡದ್ದು ಮೂರು ಪದಾರ್ಥಗಳನ್ನು: ಬಾಳೆಹಣ್ಣು, ಕಬ್ಬು, ಹಾಲು. ಚಿನ್ನ, ರತ್ನ, ಪಾರಿಜಾತಗಳ ಕಡೆಗೆ ಆತ ತಿರುಗಿಯೂ ನೋಡಲಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಆತ ಹೇಳುವುದು ಬರಿಯ ಬಾಳೆಹಣ್ಣನ್ನಲ್ಲ, ಸಿಪ್ಪೆ ತೆಗೆದು ಕೈಗಿಟ್ಟ ಹಣ್ಣನ್ನು. ಬರಿಯ ಕಬ್ಬಲ್ಲ, ಗಟ್ಟಿ ಹೊರಮೈ ಹೆರೆದು ಕೊಟ್ಟ ಕಬ್ಬು. ಬರಿಯ ಹಾಲಲ್ಲ, ಕುಡಿಯುವ ಹದಕ್ಕೆ ಆರಿಸಿದ ಹಾಲು. ಹಣ್ಣು ತಾನಾಗಿ ಸುಲಿದುಕೊಳ್ಳುವುದಿಲ್ಲ. ಕಾದ ಹಾಲನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಸುರಿದು ಆರಿಸಿದವರು ಯಾರೋ ಇದ್ದಾರೆ. ಮಗುವಿಗೆ ತಿನ್ನಿಸುವ ಒಬ್ಬ ತಾಯಿಯ, ಒಬ್ಬ ಅಜ್ಜಿಯ ಕೈ ಆ ಮೂರು ಹೋಲಿಕೆಗಳ ಹಿಂದೆಯೂ ಇದೆ. ತಿನ್ನುವವರಿಗೆ ಸುಲಭವಾಗಲಿ ಎಂದು ಯಾರೋ ಪಟ್ಟ ಶ್ರಮವನ್ನು ಆ ಕವಿ ಕಂಡಿದ್ದ. ಗಹನವಾದ ವೇದಾಂತವನ್ನು ಕನ್ನಡಿಗರಿಗೆ ಸುಲಿದು, ಹೆರೆದು, ಆರಿಸಿ ಕೊಡುವುದು ತನ್ನ ಕೆಲಸವೆಂದೂ ಆತ ತಿಳಿದಿದ್ದ. ಅಡಿಗೆಮನೆಯ ಭಾಷೆ ಎಂದು ಹಳಿದವರಿಗೆ ಅಡಿಗೆಮನೆಯ ಪದಾರ್ಥದಿಂದಲೇ ಉತ್ತರ ಕೊಟ್ಟ ಜಾಣ ಆತ. ಹತ್ತಿರದ್ದನ್ನು ಸರಿಯಾಗಿ ನೋಡಿದರೆ ಎಷ್ಟು ದೂರದ ಅರ್ಥ ದೊರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಜಗಳೂರಿನಿಂದ ಈಗ ಹೊನ್ನಾಳಿಯ ಹೊಳೆಯ ಕಡೆ ಬರೋಣ. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿ ಒಂದಾದ ನದಿ ಹೊನ್ನಾಳಿಯ ಮಗ್ಗುಲಲ್ಲೇ ಹರಿಯುತ್ತದೆ. ಅದೇ ನದಿ ಹರಿಹರವನ್ನು ದಾಟಿ ಹಾವೇರಿ ಜಿಲ್ಲೆಯ ಚೌಡದಾನಪುರದ ದಡವನ್ನು ಮುಟ್ಟುತ್ತದೆ. ಚೌಡದಾನಪುರ 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ನೆನಪನ್ನು ಉಳಿಸಿಕೊಂಡಿರುವ ಊರು. ದೋಣಿ, ಹುಟ್ಟು, ಹೊಳೆ, ಆಚೆ ದಡ ಎಂಬ ತನ್ನ ನಿತ್ಯದ ಸಾಮಗ್ರಿಗಳಿಂದಲೇ ಆತ ಸಂಸಾರ, ಸಾಧನೆಗಳ ಮಾತನ್ನಾಡಿದ. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ. ಮಡಿವಾಳ ಮಾಚಿದೇವ ಬಟ್ಟೆ ಒಗೆಯುತ್ತಿದ್ದ. ಜೇಡರ ದಾಸಿಮಯ್ಯ ನೇಯುತ್ತಿದ್ದ. ನೆರೆಯ ಶಿಕಾರಿಪುರ ಸೀಮೆಯ ಉಡುತಡಿಯ ಅಕ್ಕಮಹಾದೇವಿಯಂತೂ ತಾನು ನೇಯ್ದ ಗೂಡಿನಲ್ಲಿ ತಾನೇ ಸಿಕ್ಕಿಕೊಳ್ಳುವ ರೇಷ್ಮೆಯ ಹುಳುವಿನಲ್ಲಿ ಮನುಷ್ಯನ ಆಸೆಯ ಪಾಡನ್ನು ಕಂಡಳು.

ಇವರ ಹೆಸರುಗಳನ್ನು ಇನ್ನೊಮ್ಮೆ ಹೇಳಿಕೊಂಡು ನೋಡಿ: ಅಂಬಿಗರ, ಮಡಿವಾಳ, ಜೇಡರ, ನುಲಿಯ. ಸಮಾಜ ಕೀಳೆಂದು ಎಣಿಸಿದ್ದ ಕಸುಬನ್ನೇ ಇವರು ಹೆಸರಿನ ಮುಂದೆ ಬಿರುದಿನಂತೆ ಇಟ್ಟುಕೊಂಡರು. ಬೆಂಚಿನ ಕೆಳಗಿದ್ದ ಕೈಯನ್ನು ಮೇಲೆತ್ತಿ ತೋರಿಸಿದ ಹಾಗೆ! ವಚನ ಸಾಹಿತ್ಯದ ಹೊಸತನವೆಲ್ಲ ಅಲ್ಲಿಂದ ಹೊರಟಿತೆಂದು ನನಗೆ ತೋರುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ತಮಗೆ ತಿಳಿದದ್ದೇ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಕೂಡಲೇ ಆಕೆ ಅದನ್ನು ಗುರುತಿಸಿ, ಇದು ಬೇಡದ ಆಸೆಯೆಂದು ತಿಳಿಹೇಳಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ದಿನವೂ ಅಕ್ಕಿಯನ್ನು ಕೈಯಲ್ಲಿ ಅಳೆದವಳಿಗೆ ಮಾತ್ರ ಹೆಚ್ಚಾದ ಹಿಡಿ ಕಾಣುತ್ತದೆ. ಆ ಹಿಡಿಯಲ್ಲಿ ಅವಳಿಗೆ ಒಂದು ಧರ್ಮವೇ ಕಂಡಿತು.

ಬರೆದವರ ಮಾತಾಯಿತು. ಬರೆಯಲು ಬಾರದವರೂ ನಿತ್ಯದ ಕೆಲಸದಿಂದ ದೊಡ್ಡ ಸಾಹಿತ್ಯವನ್ನು ಸೃಷ್ಟಿಸಿದ್ದಾರೆ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳನ್ನು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದಾಗ ನಾಡಿನ ವಿದ್ವಾಂಸರು ಬೆರಗಾದರು. ಛಂದಸ್ಸಿನ ದೃಷ್ಟಿಯಿಂದ ನೋಡಿದರೆ ತ್ರಿಪದಿ ಬಹಳ ಹಳೆಯದು. ಸುಮಾರು 700ರ ಕಾಲದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಬಂಡೆಯ ಮೇಲೆ ಕೊರೆಯಲ್ಪಟ್ಟಿದೆ. ಬಂಡೆಯ ಮೇಲೆ ನಿಂತ ಆ ಮೂರು ಸಾಲಿನ ಪದ್ಯ ನೂರಾರು ವರ್ಷ ಉಸಿರಾಡಿದ್ದು ಬೀಸುವ ಕಲ್ಲಿನ ಬಳಿ. ಹಾಡುವಾಗ ಎರಡನೆಯ ಸಾಲಿನ ಕೊನೆಯನ್ನು ಮತ್ತೆ ಎತ್ತಿಕೊಳ್ಳುವ ಕ್ರಮವಿದೆ. ಗೂಟ ಹಿಡಿದ ಕೈ ಒಂದು ಸುತ್ತು ಮುಗಿಸಿ ಮುಂದಿನ ಸುತ್ತಿಗೆ ಹೋಗುವ ಹಾಗೆ ಮಾತೂ ಒಮ್ಮೆ ಹಿಂತಿರುಗಿ ಮುಂದೆ ಹೋಗುತ್ತದೆ. ಕೆಲಸದ ಗತಿ ಹಾಡಿನ ಗತಿಗೆ ಎಷ್ಟು ಚೆನ್ನಾಗಿ ಹೊಂದಿತ್ತು ನೋಡಿ!

ಗಾದೆಗಳಲ್ಲೂ ಇದೇ ಮಾತು. ಮಳೆಯನ್ನೇ ನಂಬಿ ಬಿತ್ತುವ ಜಗಳೂರಿನಂಥ ಕಡೆ ಆಕಾಶವನ್ನು ನೋಡುವುದು ಬರಿಯ ಚಂದಕ್ಕಲ್ಲ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ, ಮಘೆ ಮಳೆ ಬಂದಷ್ಟು ಮೇಲು ಮನೆ ಮಗ ಉಂಡಷ್ಟು ಮೇಲು, ಎಂಬ ಮಾತುಗಳು ತಲೆಮಾರುಗಳು ಮುಗಿಲು ನೋಡಿ ಕಟ್ಟಿದವು. ಎರಡನೆಯದರಲ್ಲಿ ಮಕಾರ ಹೇಗೆ ಮತ್ತೆ ಮತ್ತೆ ಬಂದು ಮಾತನ್ನು ಹೆಣೆದಿದೆ! ಇದನ್ನು ಕಟ್ಟಿದಾತನಿಗೆ ಅನುಪ್ರಾಸವೆಂಬ ಹೆಸರು ತಿಳಿದಿರಲಿಕ್ಕಿಲ್ಲ. ಆದರೆ ಮಳೆಯ ಬೆಲೆ ಗೊತ್ತಿತ್ತು, ಮಗನ ಹಸಿವೂ ಗೊತ್ತಿತ್ತು. ಒಗಟುಗಳನ್ನು ನೋಡಿ: ಅಮ್ಮನ ಸೀರೆ ಮಡಿಸೋಕಾಗಲ್ಲ, ಅಪ್ಪನ ದುಡ್ಡು ಎಣಿಸೋಕಾಗಲ್ಲ. ಉತ್ತರ, ಆಕಾಶ ಮತ್ತು ನಕ್ಷತ್ರ. ದಿನವೂ ಸೀರೆ ಮಡಿಸಿದವರಿಗೆ, ಸಂತೆಯ ದುಡ್ಡನ್ನು ಎರಡೆರಡು ಸಲ ಎಣಿಸಿದವರಿಗೆ ಹೊಳೆಯುವ ಹೋಲಿಕೆ ಇದು.

ಸ್ಫೂರ್ತಿ ಮಾತಿನಲ್ಲಿಯೇ ಮೂಡಬೇಕೆಂದೂ ಇಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಆರಾಧ್ಯನಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡಿನುದ್ದಕ್ಕೂ ಸಾಗಿಸುತ್ತಿದ್ದ ಈ ಜನದ ಹೆಣ್ಣುಮಕ್ಕಳ ಕಸೂತಿಯನ್ನು ತಾವು ನೋಡಿರಬಹುದು. ಬಟ್ಟೆಯ ತುಂಡುಗಳು, ಕನ್ನಡಿಯ ಚೂರುಗಳು, ಕವಡೆ, ಬಣ್ಣದ ನೂಲು, ಇಷ್ಟೇ ಅವರ ಬಂಡವಾಳ. ಇವುಗಳಿಂದ ಅವರು ಅಲಂಕರಿಸಿದ ವಸ್ತುಗಳಾದರೂ ಯಾವುವು? ಮೈಮೇಲಿನ ಉಡುಪು, ಧಾನ್ಯದ ಚೀಲ, ಕಾಸಿನ ಸಂಚಿ, ಕಡೆಗೆ ತಲೆಯ ಮೇಲೆ ನೀರಿನ ಕೊಡಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಸಿಂಬಿ ಕೂಡ. ಮನೆಯೇ ನಿಲ್ಲದೆ ನಡೆಯುತ್ತಿದ್ದ ಕಾಲದಲ್ಲಿ ಅವರು ಚಿತ್ರಕ್ಕೆಂದು ಬೇರೆ ಗೋಡೆ ಹುಡುಕಲಿಲ್ಲ. ಹೊರುವ ಸಾಮಾನೇ ಅವರ ಚಿತ್ರದ ಹಲಗೆಯಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ನಿತ್ಯಜೀವನವೆಲ್ಲ ಸುಂದರ ಎಂದು ಹಾಡಿಬಿಡುವುದು ಸುಲಭ, ಅದು ಪೂರ್ತಿ ನಿಜವಲ್ಲ. ತಲೆಯ ಮೇಲೆ ಕೊಡ ಹೊತ್ತು ನಡೆಯುವ ಹೆಂಗಸಿನ ನಿಲುವನ್ನು ವರ್ಣಿಸುವ ಕವಿ ಬರದ ವರ್ಷದ ಜಗಳೂರಿನಲ್ಲಿ ಒಂದು ದಿನ ಕೊಡ ಹೊತ್ತು ನೋಡಬೇಕು. ಬೀಸುವಾಗ ಹಾಡಿದ ತಾಯಂದಿರು ಬೀಸುವುದು ಹಿತವೆಂದು ಹಾಡಲಿಲ್ಲ. ನಸುಕಿನ ಆ ದುಡಿಮೆ ಭಾರವಾದದ್ದರಿಂದ ಹಾಡಿದರು. ಗಿರಣಿ ಬಂತು, ಮಿಕ್ಸಿ ಬಂತು, ಅವರ ರಟ್ಟೆಯ ನೋವು ಕಡಿಮೆಯಾಯಿತು. ಅಡಿಕೆ ಸುಲಿಯುವ ಯಂತ್ರ ಬಂದಿದೆ, ಎಷ್ಟೋ ಮಕ್ಕಳ ನಿದ್ದೆ ಉಳಿದಿದೆ. ಇದನ್ನು ಕಂಡು ಕೊರಗುವುದು ನ್ಯಾಯವಲ್ಲ. ಕಷ್ಟವನ್ನು ದೂರದಿಂದ ಚಂದ ಮಾಡಿ ತೋರಿಸುವ ಬರಹಕ್ಕೆ ಬಾಳಿಕೆಯೂ ಇಲ್ಲ. ವಸ್ತುವಿನ ಜೊತೆಗೆ ಅದನ್ನು ಹೊತ್ತವರ ಭಾರವೂ ಬರೆಯುವವನ ಅರಿವಿನಲ್ಲಿರಬೇಕು. ಹಾಗಿದ್ದರೆ ಮಾತ್ರ ಅದು ಲೋಕವನ್ನು ನೋಡಿದ್ದಾಯಿತು.

ಹಾಗಾದರೆ ಕಲ್ಲು ಹೋದಮೇಲೆ ಹಾಡೂ ಹೋಯಿತೆ? ಹಳೆಯ ಹಾಡು ಹೋಯಿತು, ನಿಜ. ಕಲ್ಲಿನ ಜೊತೆಗೆ ಗೂಟ, ಕೂರಿಗೆಯ ಜೊತೆಗೆ ಎಡೆಕುಂಟೆ ಎಂಬ ಪದಗಳೂ ಮಕ್ಕಳ ಬಾಯಿಂದ ಜಾರುತ್ತಿವೆ. ಆದರೆ ಇಂದಿನ ಬದುಕಿಗೂ ಅದರದೇ ನುಡಿಯಿದೆ. ಕೊಳವೆಬಾವಿ ಕೊರೆಸುವ ದಿನ ಇಡೀ ಮನೆ ಲಾರಿಯ ಸುತ್ತ ನಿಂತಿರುತ್ತದೆ. ಎರಡು ಇಂಚು ನೀರು ಬಿತ್ತು ಎಂದರೆ ಮನೆಯಲ್ಲಿ ಪಾಯಸ. ಬರಿಯ ದೂಳು ಎದ್ದರೆ ಆ ರಾತ್ರಿ ಒಲೆಯೂ ಉರಿಯುವುದಿಲ್ಲ. ಜಗಳೂರಿನಲ್ಲಿ ಹಿರಿಯರೊಬ್ಬರು ಮುಗಿಲು ತೋರಿಸಿ ನನಗೆ ಹೇಳಿದರು: "ಇದು ಹಾರೋ ಮೋಡ ಮೇಷ್ಟ್ರೇ, ಕಟ್ಟೋ ಮೋಡ ಅಲ್ಲ. ನಮ್ ಬೋರಿನಂಗೆ ಇದೂ ಬರೇ ಸದ್ದು ಮಾಡ್ತೈತಿ." ಹಳೆಯ ಮೋಡಕ್ಕೆ ಹೊಸ ಬೋರನ್ನು ಜೋಡಿಸಿದ ಆ ಹೋಲಿಕೆ ನಾನು ಪಾಠ ಹೇಳುವ ಯಾವ ಅಲಂಕಾರಕ್ಕೂ ಕಡಿಮೆಯಲ್ಲ. ಲೋಕ ಬದಲಾದರೂ ನೋಡುವ ಕಣ್ಣಿಗೆ ಕೆಲಸ ತಪ್ಪುವುದಿಲ್ಲ.

ಇದು ನಮ್ಮ ನಾಡೊಂದರ ಮಾತೂ ಅಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಸ್ವತಃ ಹೊಲ ಉತ್ತ ರೈತ. 1785ರಲ್ಲಿ ಆತನ ನೇಗಿಲು ಒಂದು ಇಲಿಯ ಗೂಡನ್ನು ಕೆಡವಿತು. ಚಳಿಗಾಲಕ್ಕೆಂದು ಕೂಡಿಟ್ಟ ಮನೆ ಹಾಳಾಗಿ ಇಲಿ ಓಡಿತು. ಹೊಲದ ಕೆಲಸದಲ್ಲಿ ನಿತ್ಯ ನಡೆಯುವ ಸಂಗತಿ ಅದು. ಬರ್ನ್ಸ್ ನಿಂತು ನೋಡಿ, ಆ ಇಲಿಯನ್ನು ತನ್ನೊಡನೆ ಈ ಭೂಮಿಯಲ್ಲಿ ಬಾಳುವ ಜೊತೆಗಾರನೆಂದು ಕರೆದು, ತನ್ನ ಊರಿನ ಆಡುನುಡಿಯಲ್ಲಿ ಮಾತನಾಡಿಸಿದ. ಆ ಕವಿತೆ ಇಂದಿಗೂ ಉಳಿದಿದೆ. ನಮ್ಮಲ್ಲಿ ಕೆ. ಎಸ್. ನರಸಿಂಹಸ್ವಾಮಿಗಳ 'ಮೈಸೂರ ಮಲ್ಲಿಗೆ' 1942ರಲ್ಲಿ ಪ್ರಕಟವಾದಾಗ ಓದುಗರು ಅಲ್ಲಿ ಕಂಡದ್ದು ಗಂಡಹೆಂಡಿರ ಮುನಿಸು, ತವರಿನ ನೆನಪು, ಬಾಗಿಲಿಗೆ ಬಂದ ಬಳೆಗಾರ. ನಮ್ಮ ಮನೆಯೂ ಕವಿತೆಯಾಗಬಲ್ಲದು ಎಂಬ ಧೈರ್ಯವನ್ನು ಆ ಪುಸ್ತಕ ಸಾವಿರಾರು ಸಂಸಾರಗಳಿಗೆ ಕೊಟ್ಟಿತು.

"ಮೇಷ್ಟ್ರೇ, ಕಂಡದ್ದನ್ನೆಲ್ಲ ಬರೆದರೆ ಅದು ಅಂಗಡಿಯ ಚೀಟಿಯಾಗುವುದಿಲ್ಲವೇ?" ಎಂದು ತಾವು ಕೇಳಬಹುದು. ಸರಿಯಾದ ಪ್ರಶ್ನೆ. ಅಕ್ಕಿ, ಬೇಳೆ, ಬೆಲ್ಲ ಎಂದು ಪಟ್ಟಿ ಮಾಡಿದರೆ ಕಾವ್ಯವಾಗುವುದಿಲ್ಲ. ಅಕ್ಕಿ ಒಂದು ಹಿಡಿ ಹೆಚ್ಚಾದುದನ್ನು ಕಂಡು, ಏಕೆ ಹೆಚ್ಚಾಯಿತೆಂದು ಕೇಳಿದಾಗ ಆಗುತ್ತದೆ. ಪಟ್ಟಿಗೂ ಕಾವ್ಯಕ್ಕೂ ನಡುವೆ ಇರುವುದು ಆ ಒಂದು ಪ್ರಶ್ನೆ. ಅದನ್ನು ಕೇಳುವ ಅಭ್ಯಾಸ ಬೆಳೆಸಿಕೊಳ್ಳಲು ನಾನು ಮಕ್ಕಳಿಗೆ ಹೇಳುವ ಮೂರು ಸಣ್ಣ ಕ್ರಮಗಳಿವೆ. ತಮಗೂ ಉಪಯೋಗವಾದೀತು.

ಮೊದಲನೆಯದು, ದಿನಕ್ಕೊಂದು ವಸ್ತುವನ್ನೋ ಕೆಲಸವನ್ನೋ ಆರಿಸಿಕೊಂಡು ಐದು ಸಾಲು ಬರೆಯುವುದು. ಸುಂದರ, ಮನೋಹರ, ರಮಣೀಯ ಎಂಬ ಮಾತುಗಳನ್ನು ಅದರಲ್ಲಿ ತರಕೂಡದು. ರೊಟ್ಟಿ ಬಡಿಯುವ ಸಪ್ಪಳ ಹಿಟ್ಟು ದಪ್ಪವಾಗಿದ್ದಾಗ ಹೇಗಿರುತ್ತದೆ, ತೆಳ್ಳಗಾದಮೇಲೆ ಹೇಗಾಗುತ್ತದೆ ಎಂದು ಬರೆದರೆ ಸಾಕು. ಎರಡನೆಯದು, ಆ ವಸ್ತುವಿನ, ಅದರ ಭಾಗಗಳ ಹೆಸರನ್ನು ಮನೆಯ ಹಿರಿಯರಿಂದ, ಕಸುಬು ಬಲ್ಲವರಿಂದ ಕೇಳಿ ತಿಳಿಯುವುದು. ಸರಿಯಾದ ಹೆಸರು ಸಿಕ್ಕಿದರೆ ಅರ್ಧ ಕವಿತೆ ಸಿಕ್ಕಿದ ಹಾಗೆ. ಮೆಟ್ಟುಗತ್ತಿ ಎಂಬ ಪದವೊಂದರಲ್ಲೇ ಅದನ್ನು ಮೆಟ್ಟಿ ಕೂತವರ ಚಿತ್ರವಿಲ್ಲವೇ? ಮೂರನೆಯದು, ಬರೆದದ್ದನ್ನು ಮನೆಯವರಿಗೆ ಕೇಳಿಸುವಂತೆ ಓದುವುದು. ರೇಡಿಯೋ ಕೇಳುವ ಮನೆಗಳಿಗೆ ಇದು ಹೊಸದಲ್ಲ. ಕಿವಿಗೆ ಒರಟಾದ ಮಾತು ಕಣ್ಣಿಗೆ ತಪ್ಪಿಸಿಕೊಂಡೀತು, ಕಿವಿಗೆ ತಪ್ಪಿಸಿಕೊಳ್ಳಲಾರದು. ಆಲಿಸಿದ ಅತ್ತೆಯೋ ಅಜ್ಜನೋ "ಹಾಗಲ್ಲ, ಹೀಗೆ" ಎಂದು ತಿದ್ದಿದರೆ ಅದೇ ಲಾಭ.

ಹೀಗೆ ಮಾಡಿದವರೆಲ್ಲ ಕವಿಗಳಾಗುತ್ತಾರೆಂದು ನಾನು ಹೇಳುವುದಿಲ್ಲ. ಶಕ್ತಿ ಹುಟ್ಟಿನಿಂದ ಬರಬೇಕೆಂದು ಮಮ್ಮಟನೇ ಹೇಳಿದ್ದಾನೆ. ಬರೆದದ್ದು ಅಚ್ಚಾಗಬೇಕೆಂದೂ ಇಲ್ಲ. ಮೊಮ್ಮಗಳಿಗೆ ಹೇಳುವ ಕಥೆಯಲ್ಲಿ, ಬಾಗಿಲ ಮುಂದಿನ ರಂಗೋಲಿಯಲ್ಲಿ, ದೂರದ ಊರಿನಲ್ಲಿ ಓದುವ ಮಗನೊಡನೆ ಫೋನಿನಲ್ಲಿ ಆಡುವ ನಾಲ್ಕು ಮಾತಿನಲ್ಲಿ ಅದು ಬಂದರೂ ಸಾರ್ಥಕವೇ. ನನ್ನ ಕಳಕಳಿ ಬೇರೆಯದು. ತನ್ನ ಮನೆಯಲ್ಲಿ ಹೇಳುವಂಥದ್ದು ಏನೂ ಇಲ್ಲವೆಂದು ನಂಬಿಕೊಂಡು ಬೆಳೆಯುವ ಮಗು ಒಂದು ಪ್ರಬಂಧದ ಅಂಕವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ತನ್ನ ತಂದೆತಾಯಿಗಳ ದುಡಿಮೆ ಮಾತಿಗೆ ಯೋಗ್ಯವಲ್ಲ, ತನ್ನ ನುಡಿ ಬರಹಕ್ಕೆ ತಕ್ಕುದಲ್ಲ ಎಂಬ ಕೀಳರಿಮೆಯನ್ನು ಜನ್ಮಕ್ಕೆಲ್ಲ ಹೊತ್ತು ತಿರುಗುತ್ತದೆ. ಆ ಭಾರವನ್ನು ಇಳಿಸುವುದು ಶಾಲೆಯೊಂದರಿಂದ ಆಗುವ ಕೆಲಸವಲ್ಲ. ಸಂಜೆ ಮನೆಗೆ ಬಂದ ಮಗುವನ್ನು ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇವತ್ತು ದಾರಿಯಲ್ಲಿ ಏನು ನೋಡಿದೆ ಎಂದು ಕೇಳುವವರು ಮನೆಯಲ್ಲಿ ಒಬ್ಬರಿರಬೇಕು.

ನಾಳೆ ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟಾಗ ಒಂದು ನಿಮಿಷ ಅಲ್ಲಿಯೇ ನಿಂತು ನೋಡಿ. ಕೆನೆ ಮೊದಲು ಸುಕ್ಕಾಗಿ, ಅಂಚಿನಲ್ಲಿ ನಡುಗಿ, ಆಮೇಲೆ ನಡುವಿನಿಂದ ಉಬ್ಬುತ್ತದೆ. ಆ ನಡುಕಕ್ಕೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆಂದು ಮನೆಯ ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ. ಅಷ್ಟರಲ್ಲಿ ಹಾಲು ಉಕ್ಕದಂತೆ ಮಾತ್ರ ನೋಡಿಕೊಳ್ಳಿ.